ಹಿಂದಿನ ಸೀಟಿನಿಂದ ಅತ್ತೆ ಕೇಳಿದ್ದು

ನಮ್ಮತ್ತೆಯ ಬಲಮೂಗಿನಲ್ಲಿ ಏಳು ಕಲ್ಲಿನ ಮೂಗುಬೊಟ್ಟು ಇತ್ತು. ಎದುರಿಗಿದ್ದವರ ಮಾತಿನ ಮೇಲೆ ನಂಬಿಕೆ ಬರದಿದ್ದರೆ ಎರಡು ಬೆರಳಲ್ಲಿ ಅದನ್ನು ಹಿಡಿದು ನಿಧಾನಕ್ಕೆ ಒಂದು ಸುತ್ತು ತಿರುಗಿಸುತ್ತಿದ್ದರು. ತಿರುಗಿಸಿ ತಿರುಗಿಸಿ ಅದರ ತಿರುಪು ಸವೆದುಹೋಗುತ್ತಿತ್ತು. ಹೊಸ ತಿರುಪು ಹಾಕಿಸಲು ಹೋದಾಗ ಅಕ್ಕಸಾಲಿಗರು, "ಏನಮ್ಮ, ಇಷ್ಟು ಬೇಗ ಹೋಯ್ತಾ?" ಎಂದರೆ, "ಹೋದ್ಸಲ ನೀನು ಹಾಕಿದ್ದೇ ಹಳೇದು ಅಂತ ಕಾಣ್ತದೆ" ಎನ್ನುತ್ತಿದ್ದರು.

ಗುಬ್ಬಿ ಕಡೆಯ ಹೆಂಗಸು. ಮಾವ ತೀರಿಕೊಂಡ ಮೇಲೆ ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಬಂದಿದ್ದರೂ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ತೋಟಕ್ಕೆ ಹೋಗಿ, ಕಾಯಿ ಕೀಳಿಸಿ, ಮರಕ್ಕೆ ಹತ್ತಿದವನ ಚೀಲವನ್ನೂ ಮುಟ್ಟಿ ನೋಡಿ ಬರುತ್ತಿದ್ದರು. ಕೊತ್ತಂಬರಿ ಕಟ್ಟು ಕೊಂಡರೆ ಬಿಚ್ಚಿ ಒಳಗೆ ನೋಡಬೇಕು. ಗ್ಯಾಸ್ ಸಿಲಿಂಡರ್ ಬಂದರೆ ಕಾಲಲ್ಲಿ ಒಮ್ಮೆ ಅಲುಗಿಸಬೇಕು. ದೇವರಾಯನದುರ್ಗಕ್ಕೆ ಹೋದರೆ ಒಂದು ಚಪ್ಪಲಿಯನ್ನು ಮೆಟ್ಟಿಲ ಬಲಕ್ಕೂ ಇನ್ನೊಂದನ್ನು ಎಡಕ್ಕೂ ಬಿಡುತ್ತಿದ್ದರು. ಕಳ್ಳ ಬಂದರೆ ಜೋಡಿ ಹುಡುಕುತ್ತಾ ಕೂರಲಿ ಎಂದು. ನನಗೆ ನಾಚಿಕೆಯಾಗಿ ಸುತ್ತ ನೋಡಿದರೆ, "ಕೇಳಿದ್ರೆ ಬಾಯೇನು ಸವೆಯಲ್ಲ, ನೋಡಿದ್ರೆ ಕಣ್ಣೇನು ಸವೆಯಲ್ಲ" ಎನ್ನುತ್ತಿದ್ದರು.

ನಾನು ಕುಣಿಗಲ್ಲಿನ ಆಚೆ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರು. ತುಮಕೂರಿನಿಂದ ಬಸ್ಸು, ಕುಣಿಗಲ್ಲಿಂದ ಆಟೊ, ಆಟೊ ಸಿಗದಿದ್ದರೆ ಯಾರದಾದರೂ ಸ್ಕೂಟರಿನ ಹಿಂದೆ. ಮಳೆಗಾಲದ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಬ್ರೇಕಿಗೆ ಜೋಲಿ ಹೊಡೆದು ಮೊಣಕೈ ಮೂಳೆ ಬಿರುಕು ಬಿಟ್ಟಿತು. ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದಾಗಲೇ ನಾನು ತೀರ್ಮಾನ ಮಾಡಿದ್ದು, ಒಂದು ಸಣ್ಣ ಕಾರು ಬೇಕೇ ಬೇಕು ಎಂದು.

ಕಾರು ಬೇಕು ಎಂಬುದಕ್ಕೆ ಮನೆಯಲ್ಲಿ ಯಾರೂ ಅಡ್ಡ ಬರಲಿಲ್ಲ. ಹೇಗೆ ಕೊಳ್ಳುವುದು ಎಂಬಲ್ಲಿಗೆ ಬಂದಾಗ ಮಾತು ಸಿಕ್ಕು ಬಿತ್ತು. ನನ್ನ ಗಂಡ ಊರಾಚೆಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಸೂಪರ್‌ವೈಸರ್. ಅಲ್ಲಿ ಲೀಸಿನ ವ್ಯವಸ್ಥೆ ಇತ್ತು. ಕಂಪನಿಯೇ ಕಾರನ್ನು ಲೀಸಿಗೆ ತೆಗೆದುಕೊಡುತ್ತದೆ, ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದುಕೊಳ್ಳುತ್ತದೆ, ತೆರಿಗೆಯೂ ಸ್ವಲ್ಪ ಉಳಿಯುತ್ತದೆ, ಕೆಲವು ವರ್ಷ ಕಳೆದ ಮೇಲೆ ಬೇಕೆಂದರೆ ನಾವೇ ಕೊಂಡುಕೊಳ್ಳಬಹುದು. ಹಿಂದೊಮ್ಮೆ ಇದನ್ನೆಲ್ಲ ನನಗೆ ಹೆಮ್ಮೆಯಿಂದ ವಿವರಿಸಿದವರು ಅವರೇ. ಈಗ ನಾನು ಅದನ್ನೇ ಎತ್ತಿದರೆ, "ಲೀಸೆಲ್ಲ ತಲೆನೋವು. ಗಾಡಿ ನಮ್ದೂ ಅಲ್ಲ, ಅವರ್ದೂ ಅಲ್ಲ" ಎಂದರು. ಮಾರನೆಯ ದಿನ ಕಾರಣ ಬೇರೆ: ಇಷ್ಟು ಕಿಲೋಮೀಟರ್ ಮೀರಿದರೆ ದಂಡವಂತೆ. ಅದಾದ ಮೇಲೆ, ಒಂದು ಗೀರು ಬಿದ್ದರೂ ಕೇಳುತ್ತಾರಂತೆ. ಕೊನೆಗೆ, "ನಿಂದು ಸರ್ಕಾರಿ ಸಂಬಳ. ಬ್ಯಾಂಕಿನೋರು ಕರ್ದು ಕೊಡ್ತಾರೆ. ನಿನ್ ಹೆಸರಲ್ಲೇ ಸಾಲ ತಗೊಂಡ್ಬಿಡು" ಎಂದರು.

ಅವರು ಹೇಳಿದ ಒಂದೊಂದು ಕಾರಣವೂ ಸರಿಯೇ ಇದ್ದಿರಬಹುದು. ದಿನಕ್ಕೊಂದರಂತೆ ಬಂದದ್ದು ನನಗೆ ಸರಿ ಕಾಣಲಿಲ್ಲ.

ಅಷ್ಟರಲ್ಲಿ ಪಟ್ಟಿ ಬಿಚ್ಚಿ ನಾನು ಮತ್ತೆ ಶಾಲೆಗೆ ಹೋಗತೊಡಗಿದ್ದೆ. ಆ ವಾರವೇ ಒಂದು ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಅತ್ತೆಯ ಸಣ್ಣ ದನಿ ಕೇಳಿಸಿತು. "ಗಾಡಿ ಯಾರ ಹೆಸ್ರಿಗೆ ಮಾಡಿಸ್ತೀಯ?" ಮಗ ಏನೋ ಗೊಣಗಿದರು. ನಾನು ಒಳಗೆ ಕಾಲಿಟ್ಟ ಕೂಡಲೇ ಇಬ್ಬರೂ ಸುಮ್ಮನಾದರು. ಸಾಲ ನನ್ನ ತಲೆಗೆ, ಕಾರು ಮಗನ ಹೆಸರಿಗೆ, ತಾಯಿ ಮಗ ಸೇರಿ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡೆ. ಒಮ್ಮೆ ಹಾಗೆಂದುಕೊಂಡ ಮೇಲೆ ಮನೆಯಲ್ಲಿ ಕಂಡದ್ದೆಲ್ಲ ಅದಕ್ಕೇ ಸಾಕ್ಷಿ ಹೇಳತೊಡಗಿತು. ಅತ್ತೆ ನನಗೆ ಎರಡನೇ ಸಲ ಹುಳಿ ಬಡಿಸಿದರೂ ಏತಕ್ಕಿರಬಹುದು ಎಂದು ಯೋಚಿಸುತ್ತಿದ್ದೆ.

ಭಾನುವಾರ ಶೋರೂಮಿಗೆ ಹೊರಟಾಗ ಅತ್ತೆ ರೇಷ್ಮೆಯಂಚಿನ ಸೀರೆಯುಟ್ಟು ತಯಾರಾಗಿದ್ದರು. ಯಾರೂ ಕರೆದಿರಲಿಲ್ಲ. ಸೇಲ್ಸಿನವರು ನಡುವಯಸ್ಸಿನ ಮನುಷ್ಯ, ಬಹಳ ನಯ. ಕುರ್ಚಿ ಎಳೆದು ಕೂರಿಸಿ ಎಲ್ಲರಿಗೂ ಜ್ಯೂಸ್ ತರಿಸಿದರು. ಅತ್ತೆ ಲೋಟ ಮುಟ್ಟಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ಕುಡಿದ್ರೆ ಅವ್ನ ಮಾತು ಕೇಳ್ಬೇಕಾಯ್ತದೆ" ಎಂದರು. ಸೇಲ್ಸಿನವರು ಕಂತು, ಬಡ್ಡಿ, ವಿಮೆ ಎಂದು ಹೇಳುತ್ತಾ ಹೋದಂತೆ ಮೂಗುಬೊಟ್ಟು ತಿರುಗುತ್ತಲೇ ಇತ್ತು. ಆದರೆ ಅತ್ತೆ ನೋಡುತ್ತಿದ್ದದ್ದು ಆ ಮನುಷ್ಯನನ್ನಲ್ಲ, ಪಕ್ಕದಲ್ಲಿ ಕೂತ ತಮ್ಮ ಮಗನನ್ನು. ಅದನ್ನು ನಾನು ಗಮನಿಸಿದೆ. ಅರ್ಥ ಮಾತ್ರ ಆಗಲಿಲ್ಲ.

ಟೆಸ್ಟ್ ಡ್ರೈವಿಗೆ ದೇವರಾಯನದುರ್ಗದ ರಸ್ತೆ ಹಿಡಿದೆವು. ನನ್ನ ಗಂಡ ಓಡಿಸುತ್ತಿದ್ದರು, ಸೇಲ್ಸಿನವರು ಅವರ ಪಕ್ಕ, ನಾನೂ ಅತ್ತೆಯೂ ಹಿಂದೆ. ಮನೆಗಳು ಮುಗಿದು ಕಾಡಿನ ನೆರಳು ಶುರುವಾಗುವ ಕಡೆ ಒಂದು ಟೀ ಅಂಗಡಿ ಕಾಣಿಸಿತು. ಅತ್ತೆ ನಿಲ್ಲಿಸಲು ಹೇಳಿದರು.

"ನೀವು ಇಳ್ದು ಒಂದು ಟೀ ಕುಡ್ಕೊಂಡು ಬನ್ನಿ ಸ್ವಾಮಿ. ಮನೆ ಮಾತು ಒಸಿ ಐತೆ" ಎಂದರು ಸೇಲ್ಸಿನವರಿಗೆ. ಅವರು ನಕ್ಕು, ಎಂಜಿನ್ ಚಾಲೂ ಇರಲಿ, ಎ.ಸಿ. ನೋಡಿ ಎಂದು ಹೇಳಿ ಇಳಿದರು. ಬಾಗಿಲು ಮುಚ್ಚಿಕೊಂಡಿತು.

ಈಗ ನನ್ನ ಕೈಯಲ್ಲಿ ಸಹಿ ಹಾಕಿಸುವ ಮಾತು ಬರುತ್ತದೆ ಎಂದು ನಾನು ಗಟ್ಟಿಯಾಗಿ ಕೂತೆ.

"ಏನ್ಲಾ," ಎಂದರು ಅತ್ತೆ ಮುಂದಿನ ಸೀಟಿಗೆ. "ಕೊರಳಿಗೆ ಹಾಕ್ಕೊಳೋ ಆ ಕಾರ್ಡು, ಅದ್ರ ದಾರ ನೀಲಿ ಇತ್ತಲ್ಲ. ಈಗ ಹಳದಿ ಯಾಕಾಯ್ತು?"

ನನ್ನ ಗಂಡ ಕನ್ನಡಿಯಲ್ಲಿ ನೋಡಿದರು. "ಕಂಪ್ನಿಲಿ ಬದಲಾಯಿಸಿದ್ರು ಕಣಮ್ಮ."

"ಎಲ್ಲಾರ್ದೂ ಬದಲಾಯಿಸಿದ್ರಾ, ನಿಂದೊಂದೇನಾ?"

ಅವರು ಎ.ಸಿ.ಯ ಗುಂಡಿ ತಿರುಗಿಸಿದರು.

"ಮುಂಚೆ ಅದ್ನ ಕತ್ತಲ್ಲಿ ಹಾಕ್ಕೊಂಡೇ ಊಟಕ್ಕೆ ಕೂರ್ತಿದ್ದೆ. ಈಗ ಗೇಟ್ ಹತ್ರನೇ ಬಿಚ್ಚಿ ಜೇಬಿಗೆ ಹಾಕ್ತೀಯ. ಕಂಪ್ನಿ ಕಾರು ಕೊಡ್ತದೆ ಅಂತ ಇವಳು ಅಂದ್ರೆ ಮುಖ ಆ ಕಡೆ ತಿರುಗಿಸ್ತೀಯ. ಕಂಪ್ನಿ ನಿನ್ನ ಬುಟ್ಟೈತೋ, ನೀನೇ ಬುಟ್ಟಿದೀಯೋ?"

ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ಗಾಡಿ ನಿಂತೇ ಇದ್ದರೂ ರಸ್ತೆ ನೋಡುತ್ತಲೇ ಅವರು ಹೇಳಿದರು. ಬೇಸಿಗೆಯಲ್ಲೇ ಅವರ ವಿಭಾಗವನ್ನು ಗುತ್ತಿಗೆದಾರನಿಗೆ ವಹಿಸಿದ್ದರಂತೆ. ಕೆಲಸ ಅದೇ, ಜಾಗ ಅದೇ, ಆದರೆ ಅವರು ಈಗ ಕಂಪನಿಯವರಲ್ಲ, ಹಳದಿ ದಾರದ ಗುತ್ತಿಗೆಯವರು. ಸಂಬಳ ಇಳಿದಿದೆ. ಲೀಸು ಕೇಳುವ ಹಕ್ಕಿಲ್ಲ. ಮನೆಗೆ ಕೊಡುವುದು ಕಡಿಮೆಯಾಗಬಾರದೆಂದು ಕೂಡಿಟ್ಟದ್ದರಲ್ಲಿ ತೆಗೆಯುತ್ತಿದ್ದಾರೆ.

"ಹೇಳೋಣ ಅಂತಲೇ ಇದ್ದೆ" ಎಂದರು ಕೊನೆಗೆ. ಯಾರಿಗೆ ಹೇಳಿದರೋ, ಅಮ್ಮನಿಗೋ ನನಗೋ. ನಾನು ಕಿಟಕಿಯ ಕಡೆ ತಿರುಗಿದೆ. ಟೀ ಅಂಗಡಿಯ ಮುಂದೆ ಆ ಸೇಲ್ಸಿನವರು ಲೋಟ ಹಿಡಿದು ನಮ್ಮತ್ತಲೇ ನೋಡುತ್ತಾ ನಿಂತಿದ್ದರು.

ಅಂದು ಕಾರು ಬುಕ್ ಆಗಲಿಲ್ಲ. ಮನೆಯಲ್ಲಿ ನಾನೂ ನನ್ನ ಗಂಡನೂ ಮಾತಾಡುವುದು ನಿಂತಿತು. ಸಂಬಳ ಇಳಿದದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ಬೇಸಿಗೆಯಿಂದ ದಿನಾ ಎದುರಿಗೆ ಕೂತು ಉಣ್ಣುತ್ತಿದ್ದ ಮನುಷ್ಯ ಒಂದು ಮಾತೂ ಆಡಿರಲಿಲ್ಲವಲ್ಲ, ಅದು ನುಂಗಲಾಗುತ್ತಿರಲಿಲ್ಲ. ಅತ್ತೆ ನಮ್ಮಿಬ್ಬರ ನಡುವೆ ರಾಜಿ ಮಾಡಿಸಲು ಬರಲಿಲ್ಲ. ಮಗನ ಪರವಾಗಿಯೂ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಅವರು ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದಾಗ ನಾನೇ ಹೋಗಿ ಮುಂದೆ ನಿಂತೆ.

"ನಿಮಗೆ ಮೊದ್ಲೇ ಗೊತ್ತಿತ್ತಾ ಅತ್ತೆ?"

"ಗೊತ್ತಿರ್ಲಿಲ್ಲ. ಅನ್ಮಾನ ಇತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

ಅವರು ಸಿಪ್ಪೆ ಪಕ್ಕಕ್ಕೆ ಹಾಕಿದರು. "ಅನ್ಮಾನ ನಂದು. ಅದ್ನ ತಂದು ನಿನ್ ಕಿವಿಗೆ ಹಾಕಿದ್ರೆ ಚಾಡಿ ಆಗೋದು. ಅವನೆದುರಿಗೇ ಕೇಳಿದ್ರೆ ಮಾತು. ಮನೇಲಿ ಕೇಳಿದ್ರೆ ಎದ್ದು ಹೋಗ್ತಿದ್ದ. ಅಲ್ಲಿ ಎಲ್ಲಿಗೋಗ್ತಾನೆ?"

ಆಮೇಲೆ ಮಾವನ ವಿಷಯ ಹೇಳಿದರು. ನನಗೆ ಅದು ಗೊತ್ತಿರಲಿಲ್ಲ. ಮಾವ ತೋಟದ ಒಂದು ಭಾಗವನ್ನು ದಾಯಾದಿಗೆ ಬರೆದುಕೊಟ್ಟಿದ್ದರಂತೆ. ಏನೋ ಇದೆ ಎಂದು ಅತ್ತೆಯ ಮೂಗಿಗೆ ಬಡಿಯುತ್ತಿತ್ತಂತೆ, ಆದರೆ ಗಂಡನನ್ನು ಕೇಳುವುದು ಹೇಗೆ ಎಂದು ವರ್ಷಗಟ್ಟಲೆ ಸುಮ್ಮನಿದ್ದರಂತೆ. "ಯಾರದೋ ಸಾವಿನ ಮನೇಲಿ ಹೆಂಗಸ್ರು ಮಾತಾಡ್ಕೊಂಡ್ರು. ಆ ತೋಟಕ್ಕೆ ದಿನಾ ನೀರು ಕಟ್ತಿದ್ದೋಳು ನಾನು. ನನ್ನ ಬುಟ್ಟು ಊರಿಗೆಲ್ಲ ಗೊತ್ತಿತ್ತು." ಇನ್ನೊಂದು ಕಾಯಿ ಎತ್ತಿಕೊಂಡರು. "ಅವತ್ತಿಂದ ಎಲ್ಲಾರ್ನೂ ಕೇಳ್ತೀನಿ. ಇವ್ನನ್ನ ನಂಬು ಅಂತ ನಾನು ಹೇಳಾಕಿಲ್ಲ ಕಣೇ. ಕೇಳ್ತಾ ಇರು ಅಂತೀನಿ."

ಹಿಂದೆ ಬಾಗಿಲಲ್ಲಿ ನನ್ನ ಕಿವಿಗೆ ಬಿದ್ದಿದ್ದ ಮಾತನ್ನೂ ಕೇಳಿಬಿಟ್ಟೆ. ಗಾಡಿ ಯಾರ ಹೆಸರಿಗೆ ಎಂದು ಕೇಳಿದ್ದಿರಲ್ಲ, ಯಾಕೆ?

"ಸಾಲ ನಿಂದಾದ್ರೆ ಗಾಡಿನೂ ನಿಂದೇ ಆಗ್ಬೇಕಲ್ಲ, ಅದ್ಕೇ" ಎಂದರು. ಕತ್ತೆತ್ತಿ ನನ್ನನ್ನು ಒಂದು ಗಳಿಗೆ ನೋಡಿ, "ನೀನು ಏನಂತ ತಿಳ್ಕೊಂಡಿದ್ದೆ?" ಎಂದು ಕೇಳಿದರು. ನಾನು ಸಿಪ್ಪೆ ಬಾಚಿಕೊಂಡು ಎದ್ದೆ.

ಕೊನೆಗೆ ಮೊದಲು ನೋಡಿದ್ದಕ್ಕಿಂತ ಚಿಕ್ಕ ಕಾರನ್ನು, ನನ್ನ ಸಂಬಳ ಬರುವ ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲೇ ಸಾಲ ಮಾಡಿ ಕೊಂಡೆವು. ಮುಂಗಡಕ್ಕೆ ಅತ್ತೆ ಕೊಬ್ಬರಿ ಮಾರಿದ ಹಣ ಸೇರಿಸಿದರು. ಅದಕ್ಕೊಂದು ಷರತ್ತು: ಓಡಿಸುವುದನ್ನು ನಾನು ಕಲಿಯಬೇಕು. "ಓಡಿಸೋನು ಅವನಾದ್ರೆ ಗಾಡಿ ಅವನದೇ. ಹೆಸರಲ್ಲೇನೈತೆ." ಬ್ಯಾಂಕಿನಲ್ಲಿ ಅಧಿಕಾರಿ ಬಡ್ಡಿಯ ದರ ಹೇಳಲು ಬಾಯಿ ತೆರೆದರೆ ಅತ್ತೆ ತಡೆದರು. "ಅದು ಆಮೇಲೆ. ಕಟ್ಟೋದು ತಡ ಆದ್ರೆ ನೀವು ಏನ್ ಮಾಡ್ತೀರ, ಅದ್ನ ಮೊದ್ಲು ಹೇಳಿ."

ಮರಳೂರಿನ ಒಂದು ಖಾಲಿ ಲೇಔಟಿನಲ್ಲಿ ನಾನು ಓಡಿಸಲು ಕಲಿತೆ. ಕಲಿಸಿದ್ದು ನನ್ನ ಗಂಡನೇ. ನಾವು ಮತ್ತೆ ಸಲೀಸಾಗಿ ಮಾತಾಡಲು ಶುರು ಮಾಡಿದ್ದೂ ಅಲ್ಲಿಯೇ. ಕ್ಲಚ್ಚು, ಗೇರು, ಬ್ರೇಕು ಎಂದು ಶುರುವಾದ ಮಾತು ನಿಧಾನಕ್ಕೆ ಬೇರೆ ಕಡೆಗೂ ಹೋಯಿತು. ನಾನು ಕುಣಿಗಲ್ಲಿಗೆ ಒಬ್ಬಳೇ ಹೋಗಿಬಂದ ದಿನ ಅತ್ತೆ ಗೇಟಿನಲ್ಲಿ ನಿಂತಿದ್ದರು. ಕಾರನ್ನು ಒಂದು ಸುತ್ತು ಬಂದು ಎಲ್ಲೂ ಗೀರಿಲ್ಲವೆಂದು ನೋಡಿದ ಮೇಲೆಯೇ ಊಟಕ್ಕೆ ಬಾ ಎಂದರು.

ಎರಡು ವರ್ಷದ ಹಿಂದೆ ಕಾರ್ತಿಕದಲ್ಲಿ ತೋಟದಲ್ಲಿದ್ದಾಗ ಅವರಿಗೆ ಉಸಿರು ಕಟ್ಟಿತು. ಸುದ್ದಿ ಬಂದ ಕೂಡಲೇ ಗುಬ್ಬಿಗೆ ಹೋಗಿ ಕರೆತಂದವಳು ನಾನು. ಆಸ್ಪತ್ರೆಯಲ್ಲಿ ಬಾಯಿಗೆ ಹಾಕಿದ್ದ ಮಾಸ್ಕನ್ನು ಸರಿಸಿ ಡಾಕ್ಟರನ್ನು, "ಈ ಸೂಜಿ ಯಾಕೆ? ಹೋದ್ ಸೂಜಿ ಕೆಲಸ ಮಾಡ್ಲಿಲ್ವಾ?" ಎಂದು ಕೇಳಿದರು. ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಅತ್ತೆ ಕೇಳಿಸಿಕೊಂಡರು, ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅದೇ ವಾರ ಹೋಗಿಬಿಟ್ಟರು.

ಈಚೆಗೆ ಒಂದು ಸಂಜೆ ನನ್ನ ಗಂಡ ಎಂದಿಗಿಂತ ಬೇಗ ಮನೆಗೆ ಬಂದರು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವರು ಎದುರಿಗೆ ಕೂತು, "ಒಂದ್ ವಿಷಯ ಹೇಳ್ಬೇಕು" ಎಂದರು. ಗುತ್ತಿಗೆ ಮುಂದುವರಿಯುವುದಿಲ್ಲವಂತೆ. ತಿಂಗಳ ಕೊನೆಗೆ ಕೆಲಸ ಇರುವುದಿಲ್ಲ.

"ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಇವತ್ತೇ. ಊಟದ ಹೊತ್ತಿಗೆ ಕರೆದು ಹೇಳಿದ್ರು."

ನಾನು ಅವರ ಮುಖವನ್ನೇ ನೋಡಿದೆ. ಅವರು ಕಣ್ಣು ತಪ್ಪಿಸಲಿಲ್ಲ.

"ಹಾಗಾದ್ರೆ ನೀವು ಊಟ ಮಾಡಿಲ್ಲ" ಎಂದೆ.

"ಇಲ್ಲ."

ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ, ಎದ್ದು ಹೋಗಿ ತಟ್ಟೆ ಹಾಕಿದೆ.