ಇಬ್ಬರು ಕಾವೇರಮ್ಮಂದಿರು, ಒಂದು ಸೆಟ್ಟು ಹಲ್ಲು

"ಹಲ್ಲು ಕಳ್ಸು ಅಂದ್ರೆ ಮಿಕ್ಸಿ ಬ್ಲೇಡ್ ಕಳ್ಸಿದಿಯಲ್ಲ ಮಾರಾಯ್ತಿ! ಇದನ್ನ ಬಾಯಿಗೆ ಹಾಕುದಾ?"

ಮೊನ್ನೆ ಗುರುವಾರ ಮಧ್ಯಾಹ್ನ ಕರಿಕೆಯಿಂದ ಫೋನಿನಲ್ಲಿ ಹೀಗೆ ಗುಡುಗಿದವರು ನನ್ನ ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ ಕಾವೇರಮ್ಮ. (ಹಲ್ಲಿಲ್ಲದ ಬಾಯಿಯ ಮಾತು. ಅಂದಾಜಿನ ಮೇಲೆ ಬರೆದಿದ್ದೇನೆ.) ಭಾನುವಾರ ಅವರ ಮೊಮ್ಮಗಳ ಮದುವೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಬಿರುಕು ಬಿಟ್ಟಿತೆಂದು ಮಡಿಕೇರಿಯ ಡಾಕ್ಟರ ಹತ್ತಿರ ರಿಪೇರಿಗೆ ಕೊಟ್ಟು ಹೋಗಿದ್ದರು. ಅದನ್ನು ಕರಿಕೆ ಬಸ್ಸಿಗೆ ಹಾಕುವ ಜವಾಬ್ದಾರಿ ನನ್ನದು.

ನನಗೇ ಯಾಕೆ? ಯಾಕೆಂದರೆ ಮನೆಯಲ್ಲಿ ಪ್ಯಾಕೆಟ್ ಎಕ್ಸ್‌ಪರ್ಟ್ ಇರುವುದು ನಾನೊಬ್ಬಳೇ!

ಮಡಿಕೇರಿಯ ನಮ್ಮ ಮನೆಯ ಜಗುಲಿಯಲ್ಲಿ ಕೂತು ನಾನು ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್. ನೀವು ಕಳಿಸುವ ಫೋಟೋ, ಮೆಸೇಜು ಎಲ್ಲವೂ ಚೂರುಚೂರಾಗಿ ಪ್ರಯಾಣ ಮಾಡುತ್ತವೆ. ಆ ಚೂರಿಗೆ ಪ್ಯಾಕೆಟ್ ಎಂದು ಹೆಸರು. ಯಾವ ಪ್ಯಾಕೆಟ್ ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವ ಒಂದು ಸಾಫ್ಟ್‌ವೇರ್ ಉಂಟು. ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡುವುದೇ ನನ್ನ ಅನ್ನ. ದಿನವಿಡೀ ಮೀಟಿಂಗಿನಲ್ಲಿ "ಪ್ಯಾಕೆಟ್ ಬಂತಾ? ಎಲ್ಲಿ ಡ್ರಾಪ್ ಆಯ್ತು?" ಎಂದು ಕೂಗುವುದನ್ನು ಕೇಳಿ ಅತ್ತೆ ನನ್ನನ್ನು ಬಸ್‌ಸ್ಟ್ಯಾಂಡಿನ ಪಾರ್ಸೆಲ್ ಆಫೀಸಿನವಳೆಂದೇ ಬಹಳ ಕಾಲ ತಿಳಿದಿದ್ದರು.

ಒಮ್ಮೆ ವಿವರಿಸಲು ಹೋದೆ. "ನಿಜವಾದ ಕಂಪ್ಯೂಟರ್ ಇಲ್ಲ ಅತ್ತೆ, ಎಲ್ಲ ವರ್ಚುವಲ್. ಈ ಒಂದೇ ಲ್ಯಾಪ್‌ಟಾಪಿನ ಒಳಗೆ ಹತ್ತು ಕಂಪ್ಯೂಟರ್ ಇದ್ದ ಹಾಗೆ ಮಾಡ್ಕೊಂಡು, ಒಂದರಿಂದ ಇನ್ನೊಂದಕ್ಕೆ ಪ್ಯಾಕೆಟ್ ಕಳಿಸಿ ನೋಡುದು."

ಅತ್ತೆ ಬೀನ್ಸ್ ಮುರಿಯುತ್ತಾ ಹೇಳಿದರು. "ಕಳ್ಸುದೂ ನೀನೇ, ತಕ್ಕೊಂಬುದೂ ನೀನೇ, ದಾರಿನೂ ನಿಂದೇ. ಮತ್ತೆ ತಲುಪದೆ ಎಲ್ಲಿಗೆ ಹೋಕು ಅದ್?"

ಅಂದು ನಕ್ಕುಬಿಟ್ಟಿದ್ದೆ. ಓದಿದವಳ ನಗು ನೋಡಿ, ಸ್ವಲ್ಪ ಜಾಸ್ತಿಯೇ ಇರುತ್ತದೆ.

ಗುರುವಾರ ಬೆಳಗ್ಗೆ ಹಲ್ಲಿನ ಡಬ್ಬಿಯನ್ನು ಖಾಕಿ ಕವರಿಗೆ ಹಾಕಿ, ಮೇಲೆ 'ಕಾವೇರಮ್ಮ' ಎಂದು ದೊಡ್ಡದಾಗಿ ಬರೆದೆ. ಬಸ್ಸು ಹೊರಟೇಬಿಟ್ಟಿತ್ತು. ಕಂಡಕ್ಟರ್ ಕೈಗೆ ತುರುಕುತ್ತಾ "ಕರಿಕೆ, ಕರಿಕೆ" ಎಂದೆ. "ಆಯ್ತಕ್ಕ, ಕಾವೇರಮ್ಮ ಅಲ್ವಾ? ಗೊತ್ತುಂಟು" ಎಂದರು. ಮಧ್ಯಾಹ್ನ ಕರಿಕೆ ಸ್ಟಾಪಿನ ಅಂಗಡಿಗೆ ಫೋನ್ ಮಾಡಿದೆ.

"ಕಾವೇರಮ್ಮನ ಪ್ಯಾಕೆಟ್ ಬಂತಾ?"

"ಬಂತು."

ಪಾಸ್! ನಿಶ್ಚಿಂತೆಯಾಗಿ ಲ್ಯಾಪ್‌ಟಾಪ್ ಮುಂದೆ ಕೂತೆ. ಅಲ್ಲಿಯೂ ಎಲ್ಲ ಟೆಸ್ಟುಗಳು ಹಸಿರು. ಸಾಫ್ಟ್‌ವೇರ್ ಬಿಡುಗಡೆಗೆ ಅಡ್ಡಿಯಿಲ್ಲ ಎಂಬ ಮೇಲ್ ಟೈಪ್ ಮಾಡುತ್ತಿದ್ದಾಗಲೇ ಆ ಮಿಕ್ಸಿ ಬ್ಲೇಡಿನ ಫೋನು ಬಂದದ್ದು.

ಕಾವೇರಿ ಹುಟ್ಟುವ ಬೆಟ್ಟದ ಬುಡಕ್ಕೆ ಹೋಗುವ ಬಸ್ಸಿನಲ್ಲಿ 'ಕಾವೇರಮ್ಮ' ಎಂದು ಬರೆದರೆ ಅದು ವಿಳಾಸವೇ ಸ್ವಾಮಿ? ಮನೆಗೊಬ್ಬರು ಕಾವೇರಮ್ಮ ಇರುವ ಊರುಗಳವು! ಕಂಡಕ್ಟರನ್ನು ವಿಚಾರಿಸಿದರೆ, ಅದೇ ಬಸ್ಸಿನಲ್ಲಿ ಭಾಗಮಂಡಲದ ಕಾವೇರಮ್ಮನಿಗೂ ಅಂಥದೇ ಖಾಕಿ ಕವರಿತ್ತು. ಆಕೆಯ ಬ್ಲೇಡು ಕರಿಕೆಗೆ, ನಮ್ಮ ಹಲ್ಲು ಭಾಗಮಂಡಲಕ್ಕೆ. ಆಕೆ ಕವರ್ ಬಿಚ್ಚಿದವಳೇ ಕಿರುಚಿ, ಡಬ್ಬಿಯನ್ನು ಫ್ರಿಜ್ಜಿನ ಮೇಲಿಟ್ಟು ಬಟ್ಟೆ ಮುಚ್ಚಿದಳಂತೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಂತಾ ಅಂತ ಕೇಳ್ದೆ ನೀನ್. ಎಂತ ಬಂತು, ಯಾವ ಕಾವೇರಮ್ಮಂಗೆ ಬಂತು, ಕೇಳಿಲ್ಲೆ" ಎಂದಷ್ಟೇ ಹೇಳಿ ಒಳಗೆ ಹೋದರು.

ನಾಚಿಕೆಯಾಯಿತು. ಲ್ಯಾಪ್‌ಟಾಪಿಗೆ ಮರಳಿ ನನ್ನ ಟೆಸ್ಟುಗಳನ್ನು ಮೊದಲಿಂದ ಓದಿದೆ. ನನ್ನ ಟೆಸ್ಟುಗಳು ಕೇಳುತ್ತಿದ್ದದ್ದೇನು? ನೂರು ಕಳಿಸಿದೆ, ನೂರು ಬಂತಾ? ಬಂತು, ಹಸಿರು!

ಕಂಪ್ಯೂಟರ್ ಲೋಕದಲ್ಲೂ ಕಾವೇರಮ್ಮಂದಿರಿಗೆ ಬರವಿಲ್ಲ. ಪ್ರತಿ ಕಂಪನಿಯೂ ತನ್ನ ಒಳಗಡೆ ಅದದೇ ವಿಳಾಸದ ನಂಬರುಗಳನ್ನು ಬಳಸುತ್ತದೆ. ಯಾವ ಕಂಪನಿಯ ನಂಬರು ಎಂದು ಸಾಫ್ಟ್‌ವೇರ್ ನೆನಪಿಡಬೇಕು. ನನ್ನ ಲ್ಯಾಪ್‌ಟಾಪಿನೊಳಗಿನ ಊರಿನಲ್ಲೋ, ಒಬ್ಬರ ಹೆಸರು ಇನ್ನೊಬ್ಬರಿಗಿಲ್ಲ. ಊರು ಕಟ್ಟಿದವಳು ನಾನೇ ತಾನೆ?

ಟೈಪ್ ಮಾಡಿದ ಮೇಲ್ ಅಳಿಸಿದೆ. ಎರಡು ಕಂಪನಿ, ಒಂದೇ ವಿಳಾಸ ಇಟ್ಟು ಹೊಸ ಟೆಸ್ಟ್ ಬರೆದೆ. ಓಡಿಸಿದೆ. ಕೆಂಪು! ಒಬ್ಬರ ಗುಟ್ಟು ಇನ್ನೊಬ್ಬರ ಅಂಗಳದಲ್ಲಿ ಬಿದ್ದಿತ್ತು. ಲೆಕ್ಕ ಮಾತ್ರ ನೂರಕ್ಕೆ ನೂರು ಸರಿ.

ಮ್ಯಾನೇಜರ್ ಫೋನ್ ಮಾಡಿದರು. "ನಿನ್ನೆವರೆಗೂ ಎಲ್ಲ ಪಾಸ್ ಆಗ್ತಿತ್ತಲ್ಲ, ನೀವೇನು ಮಾಡಿದ್ರಿ?" ಥರ್ಮಾಮೀಟರ್ ಇಟ್ಟವಳೇ ಜ್ವರ ತರಿಸಿದಳೆಂಬ ಧಾಟಿ! ಬಿಡುಗಡೆ ಮುಂದಕ್ಕೆ ಹೋಯಿತು. ಮದುವೆ ಮುಂದಕ್ಕೆ ಹೋಗುತ್ತದೆಯೇ? ಚಿಕ್ಕತ್ತೆ ಆಗಲೇ ಘೋಷಿಸಿಯಾಗಿತ್ತು, ಹಲ್ಲಿಲ್ಲದೆ ಮಂಟಪದ ಹತ್ತಿರ ಸುಳಿಯುವುದಿಲ್ಲ, ಫೋಟೋಕ್ಕೂ ನಿಲ್ಲುವುದಿಲ್ಲ.

ಶನಿವಾರ ಅತ್ತೆ ತಾವೇ ಅಖಾಡಕ್ಕಿಳಿದರು. ಭಾಗಮಂಡಲದ ಕಾವೇರಮ್ಮನಿಗೆ ಫೋನ್ ಮಾಡಿ ಕವರಿನ ಮೇಲೆ ಬರೆಸಿದರು: 'ಕರಿಕೆ, ಶಾಲೆ ಹತ್ತಿರ, ಮದುವೆ ಮನೆಯ ಕಾವೇರಮ್ಮ. ಒಳಗೆ ಹಲ್ಲು ಉಂಟು.' ಮಧ್ಯಾಹ್ನ ಅಂಗಡಿಯಿಂದ ಫೋನು. "ಬಂತು, ಅವರ ಮನೆಗೇ ಕೊಟ್ಟೆ."

ನಾನು ಕುಣಿದೆ. ಅತ್ತೆ ಕಣ್ಣಲ್ಲೇ ನನ್ನನ್ನು ಕೂರಿಸಿದರು. ತಂಗಿಗೆ ಫೋನ್ ಹಚ್ಚಿದರು.

"ಬಿಚ್ಚಿ ನೋಡ್. ನಿಂದೇ ಅಲ್ಲಾ? ಹಾಕ್ ಬಾಯಿಗೆ. ಮನೇಲಿ ಚಕ್ಕುಲಿ ಉಟ್ಟಾ?"

"ಮದುವೆ ಮನೇಲಿ ಚಕ್ಕುಲಿ ಇಲ್ಲದೆ ಇದ್ದದೆನಾ?"

"ಕಚ್ಚು. ಫೋನ್ ಬಾಯಿ ಹತ್ರ ಹಿಡಿ."

ಸ್ಪೀಕರಿನಲ್ಲಿ 'ಕಟುಮ್' ಎಂದು ಕೇಳಿದ ಮೇಲೆಯೇ ಅತ್ತೆಯ ಮುಖ ಸಡಿಲವಾದದ್ದು. ನನಗಂತೂ ಕಣ್ಣಲ್ಲಿ ನೀರೇ ಬಂತು.

ವಾಟ್ಸಾಪಿನಲ್ಲಿ ನೀಲಿ ಟಿಕ್ ಬಿದ್ದರೆ ಮಾತು ತಲುಪಿತು ಎನ್ನುತ್ತೇವೆ. ಅರ್ಜಿಗೆ ಸೀಲು ಬಿದ್ದರೆ ಕೆಲಸ ಆಯಿತು ಎನ್ನುತ್ತೇವೆ. ಪೋರ್ಷನ್ ಮುಗಿದರೆ ಮಕ್ಕಳು ಕಲಿತರು ಎನ್ನುತ್ತೇವೆ.

ಅದೆಲ್ಲ ಸರಿ, ಚಕ್ಕುಲಿ ಕಚ್ಚಿಸಿ ನೋಡಿದವರು ಯಾರು?