ಹುಲ್ಲಿನಲ್ಲಿ ಕುಬ್ಜ ಜೇಡಗಳು

ಮಳೆಗಾಲ ಶುರುವಾದರೆ ನೈರೋಬಿಯ ಲೊರೆಶೋ ಬಡಾವಣೆಯ ನಮ್ಮ ಮನೆಯಲ್ಲಿ ಮೊದಲು ಹಾಸಿಗೆ ಕೊಡವುವುದು, ಆಮೇಲೆ ಶೂ, ಆಮೇಲೆಯೇ ಹಾಲು. ಈ ಕ್ರಮ ನನ್ನದು. ಮಗಳು ಅಳಿಯ ಆಫೀಸಿನ ಗಡಿಬಿಡಿಯಲ್ಲಿರುತ್ತಾರೆ. ಮೊಮ್ಮಕ್ಕಳಿಬ್ಬರು ನನ್ನ ವಶ.

ಅಷ್ಟೆಲ್ಲ ಕೊಡವಿಯೂ ಹಿಂದಿನ ಮಳೆಯಲ್ಲಿ ಮೊಮ್ಮಗಳ ಕಣ್ಣಿನ ಪಕ್ಕ ಒಂದು ನೈರೋಬಿ ಫ್ಲೈ ಕೂತಿತು. ಕಪ್ಪು-ಕಿತ್ತಳೆ ಬಣ್ಣದ ಈ ಪುಟ್ಟ ಹುಳು ಕಚ್ಚುವುದಿಲ್ಲ. ಉಜ್ಜಿದರೆ ಅದರ ರಸ ತಾಗಿ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಊದಿ ಹಾರಿಸಬೇಕು. ಅವಳು ನಿದ್ದೆಗಣ್ಣಿನಲ್ಲಿ ಉಜ್ಜಿಬಿಟ್ಟಿದ್ದಳು. ಗಾಯವೇನೋ ಮಾಯಿತು, ಆದರೆ ಹುಡುಗಿ ಹುಲ್ಲಿಗೆ ಇಳಿಯುವುದನ್ನೇ ಬಿಟ್ಟಳು. ಅವಳ ತಮ್ಮ ಚೆಂಡು ಒದೆಯುತ್ತಿದ್ದರೆ ಇವಳು ಮೆಟ್ಟಿಲ ಮೇಲೆ ಕಾಲು ಮಡಚಿ ಕೂತಿರುವಳು. ಇರುವೆ ಕಂಡರೂ ಕಿರುಚುವಳು. ಹೀಗೆಯೇ ಬೆಳೆದುಬಿಟ್ಟರೆ ಎಂದು ನನಗೆ ದಿಗಿಲು.

ಅಂಜಿಕೆ ಬಿಡಿಸುವುದಾದರೆ ಅತಿ ಚಿಕ್ಕದರಿಂದ ಶುರು ಮಾಡಬೇಕೆಂದು ಕುಬ್ಜ ಜೇಡಗಳನ್ನು ಆರಿಸಿದೆ. ಒಂದೊಂದೂ ಎಳ್ಳುಕಾಳಿನಷ್ಟು. ಬೆಳಿಗ್ಗೆ ಹುಲ್ಲಿನ ಮೇಲೆ ಕರವಸ್ತ್ರ ಹಾಸಿದಂತೆ ಅವುಗಳ ಬಲೆ, ತುಂಬ ಇಬ್ಬನಿ. ಮಕ್ಕಳನ್ನು ಕರೆಯುವ ಮೊದಲು ನಾನೇ ಕೋಲಿನಿಂದ ಹುಲ್ಲು ಕೆದಕಿ ನೋಡಿದೆ. ನನಗೂ ಧೈರ್ಯ ಸಾಲದು.

"ಅಜ್ಜಿ, ಆರ್ ದೀಸ್ ಬೇಬೀಸ್?" ಮೊಮ್ಮಗ ಬಗ್ಗಿ ಕೇಳಿದ.

"ಬೇಬಿ ಅಲ್ಲ ಕಣೋ. ದೊಡ್ಡದಾದ್ಮೇಲೂ ಇಷ್ಟೇ."

"ಸೋ, ಲೈಕ್ ಯೂ!"

"ಹೌದಪ್ಪಾ, ನಾನೂ ಕುಳ್ಳಿನೇ. ಚೆಂಡು ಆ ಕಡೆ ಇಡು."

ಮೊಮ್ಮಗಳು ಕೊನೆಯ ಮೆಟ್ಟಿಲವರೆಗೆ ಬಂದಳು. "ಡಸ್ ಇಟ್ ಬರ್ನ್?"

"ಇಲ್ಲ ಪುಟ್ಟಿ, ಏನೂ ಮಾಡಲ್ಲ. ಬಾ."

"ದೆನ್ ಯೂ ಹೋಲ್ಡ್ ಇಟ್ ಫಸ್ಟ್."

ಇದು ನನ್ನ ಲೆಕ್ಕದಲ್ಲಿರಲಿಲ್ಲ. ಅವಳು ನೋಡುತ್ತಿದ್ದಳು. ಬಲೆಯ ಅಂಚಿಗೆ ಕೈ ಚಾಚಿದೆ. ಕಪ್ಪನೆಯದೊಂದು ಬೆರಳೇರಿ ಮಣಿಕಟ್ಟಿಗೆ ಬಂತು. ನಡುವೆ ಕಿತ್ತಳೆ ಬಣ್ಣ ಕಂಡಂತಾಯಿತು. ಕನ್ನಡಕ ಮನೆಯೊಳಗಿತ್ತು. ಇನ್ನೊಂದು ಕೈ ತಾನಾಗಿ ಮೇಲೆದ್ದಿತು.

"ಉಜ್ಜಬೇಡ ಅಜ್ಜೀ! ಡೋಂಟ್ ರಬ್!"

ಅವಳು ಬರಿಗಾಲಲ್ಲಿ ಓಡಿ ಬಂದಳು. ನನ್ನ ಕೈ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ಊದಿದಳು. ಹುಳು ಮಣಿಕಟ್ಟಿನಿಂದ ಜಾರಿ, ಎಳೆ ಬಿಡುತ್ತಾ ಗಾಳಿಯಲ್ಲಿ ತೂಗಾಡಿತು.

"ಇಟ್ಸ್ ಜಸ್ಟ್ ದ ಸ್ಪೈಡರ್," ಎಂದ ಮೊಮ್ಮಗ.

ತಾನೆಲ್ಲಿ ನಿಂತಿದ್ದೇನೆಂದು ಅವಳಿಗೆ ಆಗ ಹೊಳೆಯಿತು. ನನ್ನ ಸೀರೆ ಹಿಡಿದು, ಹಾರಿ ನನ್ನ ಪಾದಗಳ ಮೇಲೆ ತನ್ನೆರಡೂ ಪಾದ ಇಟ್ಟಳು. ಮೆಟ್ಟಿಲ ಕಡೆ ತಿರುಗಿದೆ.

"ಆ ಕಡೆ ಅಲ್ಲ," ಅಂದಳು ಸಣ್ಣ ದನಿಯಲ್ಲಿ. "ಆ ಇನ್ನೊಂದು ಬಲೆ ಹತ್ರ. ಸ್ಲೋಲಿ."

ಅವಳನ್ನು ಪಾದದ ಮೇಲೆ ಹೊತ್ತೇ ಹೆಜ್ಜೆ ಹಾಕಿದೆ. ಹೆಜ್ಜೆ ಹೆಜ್ಜೆಗೂ ಅವಳು ನನ್ನ ಸೀರೆಯನ್ನು ಬಿಗಿ ಹಿಡಿಯುವುದು ನನಗೆ ತಿಳಿಯುತ್ತಿತ್ತು. ಅವಳ ಭುಜದ ಮೇಲಿನ ನನ್ನ ಬಿಗಿ ಹಿಡಿತವೂ ಅವಳಿಗೆ ತಿಳಿದಿರಬೇಕು.