ಅವರ ದನಿಗೊಂದು ಮೆಮೊರಿ ಕಾರ್ಡು

ಆ ಶನಿವಾರ ಬೆಳಿಗ್ಗೆ ಫೋನಿನ ಪರದೆಯ ಮೇಲೆ ಬಂದದ್ದು ಎರಡೇ ಸಾಲು. ಮೆಮೊರಿ ಕಾರ್ಡು ಕೆಟ್ಟಿದೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತಿತ್ತು. ಅಮೆರಿಕದ ಮಿಲ್ಪಿಟಾಸ್‌ನ ನಮ್ಮ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ನಾನು ನಿಂತಲ್ಲೇ ನಿಂತಿದ್ದೆ. ಆ ಕಾರ್ಡಿನೊಳಗೆ ನನ್ನ ಗಂಡನ ದನಿಯಿತ್ತು.

ಸೋಮವಾರ ಅವರ ಗಂಟಲಿನ ಆಪರೇಷನ್ನು. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು, ಆಮೇಲೆ ಈ ದನಿ ಇರುವುದಿಲ್ಲ, ಹೇಳುವುದೇನಿದ್ದರೂ ಈಗಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಮೂರು ವಾರ, ನೋವು ಕಡಿಮೆಯಿದ್ದ ಹೊತ್ತು ನೋಡಿಕೊಂಡು, ಅವರು ಸೋಫಾದ ಮೇಲೆ ಕೂತು ಮಗಳಿಗಾಗಿ ಮಾತಾಡಿದರು. ಅವಳ ಹದಿನಾರನೇ ಹುಟ್ಟುಹಬ್ಬಕ್ಕೊಂದು, ಕಾಲೇಜು ಸೇರುವ ದಿನಕ್ಕೊಂದು, ಮದುವೆಗೊಂದು, ಹೀಗೆ ಒಂಬತ್ತು ವಿಡಿಯೊ. ಅವಳಿಗಿನ್ನೂ ಹನ್ನೊಂದು.

ಫೋನು ತುಂಬಿತು. ಆನ್‌ಲೈನಿನ ಬ್ಯಾಕಪ್ ಜಾಗ ಯಾವಾಗಲೋ ತುಂಬಿತ್ತು. ಅದು ಬೆಂಗಳೂರಿನಲ್ಲಿ ಕೊಂಡ ಫೋನು. ಟ್ರೇಯಲ್ಲಿ ಎರಡೇ ಜಾಗ: ಒಂದರಲ್ಲಿ ಇಲ್ಲಿಯ ಸಿಮ್ಮು, ಇನ್ನೊಂದರಲ್ಲಿ ಊರಿನ ಸಿಮ್ಮು. ಕಾರ್ಡು ಹಾಕಬೇಕಾದರೆ ಊರಿನ ಸಿಮ್ಮು ಹೊರಗೆ ಬರಬೇಕು. ಅದನ್ನು ಬಿಡುವುದುಂಟೇ? ಊರಿನ ಬ್ಯಾಂಕಿನ ಓಟಿಪಿ ಬರುವುದೇ ಅದಕ್ಕೆ. ಅದರ ರೀಚಾರ್ಜ್ ಮರೆತರೆ ಇಲ್ಲಿಯ ನಮ್ಮವರ ಮನೆಗಳಲ್ಲಿ ಜಗಳವೇ ಆಗುತ್ತದೆ. ಓಟಿಪಿ ಬೇಕಾದಾಗ ಸಿಮ್ಮು, ಉಳಿದಂತೆ ಕಾರ್ಡು ಹಾಕುವುದೆಂದುಕೊಂಡೆ. ಕಾರ್ಡು ತುಂಬಿ ಮತ್ತೊಂದು ಕೊಳ್ಳುವ ತಾಪತ್ರಯ ಬೇಡವೆಂದು ಇದ್ದುದರಲ್ಲೇ ದೊಡ್ಡದನ್ನು, ಒಂದು ಟಿಬಿಯದನ್ನು, ಆನ್‌ಲೈನಿನಲ್ಲಿ ತರಿಸಿದೆ. ಫೋನಿಗೆ ಎಷ್ಟರವರೆಗೆ ಹಿಡಿಸುತ್ತದೆ ಎಂದು ನೋಡಲಿಲ್ಲ, ಮಾರುವವನು ಯಾರೆಂದೂ ನೋಡಲಿಲ್ಲ. ಚಿಪ್ ಕಂಪನಿಯಲ್ಲಿ ಹದಿನೈದು ವರ್ಷ ಟೆಸ್ಟಿಂಗು ಮಾಡಿ ಸಂಬಳ ತಿಂದವಳು ನಾನು! ಭಯ ನನ್ನನ್ನು ಪೂರ್ತಿ ದಡ್ಡಿ ಮಾಡಿತ್ತು.

ವಿಡಿಯೊಗಳನ್ನು ಕಾಪಿ ಮಾಡದೆ ಮೂವ್ ಮಾಡಿದೆ, ಫೋನಿನಲ್ಲಿ ಒಂದೂ ಉಳಿಯಲಿಲ್ಲ. ಕಾರ್ಡಿನಲ್ಲಿ ಹೆಸರುಗಳೆಲ್ಲ ಸಾಲಾಗಿ ಕಂಡವು, ನೆಮ್ಮದಿಯಾಯಿತು. ಶುಕ್ರವಾರ ಓಟಿಪಿ ಬೇಕಾಗಿ ಕಾರ್ಡು ತೆಗೆದು ಸಿಮ್ಮು ಹಾಕಿದೆ. ಶನಿವಾರ ಸಿಮ್ಮು ತೆಗೆದು ಕಾರ್ಡು ಹಾಕಿದಾಗ ಈ ಎರಡು ಸಾಲು.

ಅವರಿನ್ನೂ ಮಲಗಿದ್ದರು. ಹೇಳದೆ ಸಾಂಟಾ ಕ್ಲಾರಾಕ್ಕೆ ಹೊರಟೆ. ಫ್ರೀವೇಯಲ್ಲಿ ಬ್ರೇಕು ಒತ್ತಲೂ ಭಯ, ಪಕ್ಕದ ಸೀಟಿನಿಂದ ಫೋನು ಜಾರಿ ಬಿದ್ದರೆ? ಎಲ್ ಕಮಿನೊ ರಸ್ತೆಯಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟಿರುವವರು ಧಾರವಾಡದ ಕಡೆಯ ಹಿರಿಯರು. ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ಏನೂ ಒತ್ತಿಲ್ಲ ಹೌದಲ್ರಿ? ಛಲೋ ಮಾಡೀರಿ, ಕೂಡ್ರಿ ಅಕ್ಕಾರ."

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಮುಕ್ಕಾಲು ಗಂಟೆ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ಅವರು ಕನ್ನಡಕ ತೆಗೆದರು.

"ಇದು ಒಂದು ಟಿಬಿ ಅಲ್ರಿ, ಖೊಟ್ಟಿ ಕಾರ್ಡ. ಒಳಗ ಎಂಟು ಜಿಬಿ ಅಷ್ಟ ಐತಿ. ತುಂಬಿದ ಮ್ಯಾಲೆ ಒಂದರ ಮ್ಯಾಲೊಂದು ಬರಕೊಂತ ಹೋಗೈತಿ. ಖರೇ ಒಂದು ಟಿಬಿ ಇದ್ರೂ ನಿಮ್ಮ ಫೋನ್ ತೊಗೊಳ್ಳಂಗಿಲ್ಲ. ಮೊದಲ ಫೋನಿನ ಮಾಡೆಲ್ ನಂಬರ್ ನೋಡಬೇಕ್ರಿ, ಆಮ್ಯಾಲೆ ಕಾರ್ಡ."

ಉಳಿದದ್ದು ಮೊದಲ ದಿನ ಪರೀಕ್ಷೆಗೆಂದು ತೆಗೆದ ತುಣುಕು ಮಾತ್ರ. ಅದರಲ್ಲಿ ನನ್ನ ಗಂಡ, "ಆನ್ ಆಯ್ತಾ? ಲೈಟು ಕಣ್ಣಿಗೆ ಹೊಡೀತಿದೆ ಕಣೆ," ಎನ್ನುತ್ತಾರೆ, ಅಷ್ಟೇ. ಅಂಗಡಿಯಲ್ಲೇ ಅತ್ತುಬಿಟ್ಟೆ. ಆ ಹಿರಿಯರು ನನ್ನ ಫೋನಿಗೆ ಹಿಡಿಸುವ ನೂರಿಪ್ಪತ್ತೆಂಟು ಜಿಬಿಯ ಕಾರ್ಡೊಂದನ್ನು ಆರಿಸಿ, ನನ್ನೆದುರೇ ಪೂರ್ತಿ ತುಂಬಿಸಿ, ಮತ್ತೆ ಓದಿಸಿ ನೋಡಿ, ಖಾಲಿ ಮಾಡಿ ಕೊಟ್ಟರು.

ಮನೆಗೆ ಬಂದಾಗ ಅವರು ಊಟದ ಮೇಜಿನ ಹತ್ತಿರ ಕೂತಿದ್ದರು. ಬೈಯುತ್ತಾರೆಂಬ ಭಯಕ್ಕಿಂತ, ಬೈಯದೆ ಸುಮ್ಮನಾಗಿಬಿಡುತ್ತಾರೆಂಬ ಭಯವೇ ಹೆಚ್ಚಾಗಿತ್ತು.

"ರೀ, ಎಲ್ಲಾ ಹೋಯ್ತು. ನಾನೇ ಹಾಳು ಮಾಡ್ದೆ."

ನನ್ನ ಕೈಯಲ್ಲಿದ್ದ ಹೊಸ ಕಾರ್ಡು ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಕೀರಲು ದನಿಯಲ್ಲಿ, "ಒಂಬತ್ತೂ ಆಗಲ್ಲ. ಒಂದು ಆಗುತ್ತೆ. ಹದಿನಾರರದ್ದು ಮಾಡೋಣ. ಏನು ಹೇಳಿದ್ದೆ? ನನಗೇ ನೆನಪಿಲ್ಲ," ಎಂದರು.

ನನಗೆ ನೆನಪಿತ್ತು. ಒಂಬತ್ತು ಸಲವೂ ಫೋನು ಹಿಡಿದು ಎದುರು ನಿಂತವಳು ನಾನೇ. ಒಂದೊಂದೇ ಸಾಲು ಹೇಳಿಕೊಟ್ಟೆ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಅವರು ಅದನ್ನೇ ತಿರುಗಿ ಹೇಳಿದರು. ಕಾರು ಕಲಿಯೋವಾಗ ನಿಮ್ಮಮ್ಮ ಕಿರುಚ್ತಾಳೆ, ಅದಕ್ಕೆಲ್ಲ ಹೆದರ್ಬೇಡ. ನೀನು ಇಂಗ್ಲಿಷಲ್ಲೇ ಉತ್ತರ ಕೊಡು, ಪರವಾಗಿಲ್ಲ, ನಾನು ಕನ್ನಡದಲ್ಲೇ ಕೇಳ್ತೀನಿ. ಅವರ ದನಿ ಕಟ್ಟಿದಾಗಲೆಲ್ಲ ಇದೇ ಕೊನೆಯೇನೋ ಎಂದು ಫೋನು ಹಿಡಿದುಕೊಂಡೇ ಕಾಯುತ್ತಿದ್ದೆ. ಮುಗಿಯಿತು ಎನ್ನುವಾಗ ನಾನು ಹೇಳಿಕೊಡದ ಒಂದು ಮಾತನ್ನು ಸೇರಿಸಿದರು: "ಮಿಕ್ಕ ಎಂಟು ನಿಮ್ಮಮ್ಮನ ಹತ್ರ ಇದೆ. ಕೇಳಿ ಇಸ್ಕೋ."

ಆ ವಿಡಿಯೊ ಈಗ ಕಾರ್ಡಿನಲ್ಲಿದೆ, ಲ್ಯಾಪ್‌ಟಾಪಿನಲ್ಲಿದೆ, ಬೆಂಗಳೂರಿನಲ್ಲಿ ನನ್ನ ತಂಗಿಯ ಹತ್ತಿರವೂ ಇದೆ. ಆಪರೇಷನ್ನು ಆಯಿತು, ಅವರು ಮನೆಯಲ್ಲಿದ್ದಾರೆ, ಹೇಳುವುದನ್ನು ಬರೆದು ತೋರಿಸುತ್ತಾರೆ. ಮಿಕ್ಕ ಎಂಟನ್ನೂ ನಾನು ಬರೆದಿಟ್ಟಿದ್ದೇನೆ. ಆದರೆ ಯಾವ ಮಾತನ್ನು ಎಳೆದರು, ಎಲ್ಲಿ ತಡೆದು ನಿಂತರು ಎನ್ನುವುದು ಆ ಕಾಗದದಲ್ಲಿಲ್ಲ, ಅದಕ್ಕೇ ದಿನವೂ ಮನಸ್ಸಿನಲ್ಲಿ ಒಪ್ಪಿಸಿ ನೋಡುತ್ತೇನೆ. ಮೊನ್ನೆ ಮದುವೆಯದನ್ನು ಒಪ್ಪಿಸುವಾಗ ನಡುವೆ ನಿಂತುಬಿಟ್ಟೆ. ಅದರಲ್ಲಿ ಒಂದು ಕಡೆ ಅವರು ನಕ್ಕಿದ್ದರು, ಎಲ್ಲೆಂದು ನೆನಪಾಗಲಿಲ್ಲ. ಓಡಿಹೋಗಿ ಅವರನ್ನೇ ಕೇಳಿದೆ. ಅವರು ಗೊತ್ತಿಲ್ಲವೆಂದು ತಲೆಯಾಡಿಸಿದರು.